ನಾಲ್ಕನೇ ಸೆನ್ಸರಿನಲ್ಲಿ ಐದನೆಯದರ ಶಾಖ: ಗಿಣಿಗೇರಾ ಕಿಲ್ನ್‌ಗೆ ವೈರ್‌ಲೆಸ್ ಗೇಟ್‌ವೇ

ನೋಡುತ್ತಿದ್ದೀರಲ್ಲ, ಇದು ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವ ರಸ್ತೆ. ಗಿಣಿಗೇರಾ ಹತ್ತಿರ ಬಂದಂತೆ ಬೇವಿನ ಎಲೆ ಮೇಲೂ ಕರಿ ಧೂಳು ಕೂತಿರುತ್ತದೆ. ಇಲ್ಲಿನ ಒಂದು ಸ್ಪಾಂಜ್ ಐರನ್ (ಅದಿರಿನಿಂದ ಕಬ್ಬಿಣ ಮಾಡುವ) ಫ್ಯಾಕ್ಟರಿಯಲ್ಲಿ ನನಗೆ ಮೂರು ದಿನ ಕೆಲಸ ಇತ್ತು. ಒಳಗೆ ಕ್ಯಾಮೆರಾ ಬಿಡಲ್ಲ. ಹಾಗಾಗಿ ಮಾತು ಅಲ್ಲಿಯದು, ಚಿತ್ರ ನನ್ನ ರೂಮಿನ ಮೇಜಿನದು.

ಕಿಲ್ನ್ ಅಂದರೆ ಮಲಗಿಸಿಟ್ಟ ದೊಡ್ಡ ಕೊಳವೆ. ಅದಿರು, ಕಲ್ಲಿದ್ದಲು ಹಾಕಿ ನಿಧಾನಕ್ಕೆ ಸುತ್ತಿಸುತ್ತಾರೆ. ಒಳಗೆ ಸುಮಾರು 1000 ಡಿಗ್ರಿ. ಶಾಖ ಜಾಸ್ತಿ ಆದರೆ ಮಾಲು ಒಳಗೋಡೆಗೆ ಅಂಟಿ ಬಳೆಯ ಹಾಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಕಿಲ್ನ್ ನಿಲ್ಲಿಸಿ, ಆರಿಸಿ, ಜನ ಒಳಗೆ ಹೋಗಿ ಅದನ್ನು ಒಡೆಯಬೇಕು. ಅದಕ್ಕೇ ಉದ್ದಕ್ಕೂ ಥರ್ಮೋಕಪಲ್, ಅಂದರೆ ಶಾಖ ಅಳೆಯುವ ಸೆನ್ಸರ್ ಇಡುತ್ತಾರೆ. ಅವೂ ಕಿಲ್ನ್ ಜೊತೆ ಸುತ್ತುತ್ತವೆ. ಸುತ್ತುವುದಕ್ಕೆ ನೇರ ವೈರ್ ಎಳೆಯೋಕೆ ಆಗಲ್ಲ, ಅಲ್ವಾ? ಹಳೆಯ ದಾರಿ ಸ್ಲಿಪ್ ರಿಂಗ್ ಮತ್ತು ಕಾರ್ಬನ್ ಬ್ರಷ್: ಸುತ್ತುವ ಲೋಹದ ಬಳೆಗೆ ಬ್ರಷ್ ತಾಗಿಕೊಂಡು ಸಿಗ್ನಲ್ ತರುತ್ತದೆ. ಈ ಧೂಳಿನಲ್ಲಿ ಬ್ರಷ್ ಬಿಟ್ಟು ಬಿಟ್ಟು ಹಿಡಿಯುತ್ತದೆ, ಅಂಕಿ ಕುಣಿಯುತ್ತದೆ.

ಹಾಗಾಗಿ ಎಂಟು ವೈರ್‌ಲೆಸ್ ಹಾರ್ಟ್ ಟ್ರಾನ್ಸ್‌ಮಿಟರ್ ಹಾಕಿದೆವು, ಥರ್ಮೋಕಪಲ್ ಅಂಕಿಯನ್ನು ರೇಡಿಯೊದಲ್ಲಿ ಕಳಿಸುವ ಡಬ್ಬಗಳು. ಅವನ್ನು ಕೇಳಿಸಿಕೊಂಡು ಫ್ಯಾಕ್ಟರಿಯ ನೆಟ್‌ವರ್ಕಿಗೆ ದಾಟಿಸೋದು ಗೇಟ್‌ವೇ. 2007ರಲ್ಲಿ ಬಂದ ಪದ್ಧತಿ ಇದು. 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಒಂದಕ್ಕೆ ಗೇಟ್‌ವೇ ಸಿಗದಿದ್ದರೆ ಪಕ್ಕದ್ದು ಅದರ ಮಾತನ್ನು ದಾಟಿಸುತ್ತದೆ. ಸೇರಿಸಲು ನೆಟ್‌ವರ್ಕ್ ಐಡಿ, ಜಾಯಿನ್ ಕೀ ಬೇಕು. ಆ ಕೀ ಯಾರಿಗೂ ತೋರಿಸಬಾರದು, ಅದಕ್ಕೇ ಇಲ್ಲಿ ಬ್ಲರ್ ಮಾಡಿದ್ದೇನೆ.

ಗೇಟ್‌ವೇಯ ಇನ್ನೊಂದು ಕಡೆ ಈಥರ್ನೆಟ್. ಯಾವ ಪ್ರೊಟೊಕಾಲ್, ಅಂದರೆ ಯಾವ ಭಾಷೆ ಅನ್ನೋದನ್ನು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ನೋಡಿ ತೀರ್ಮಾನಿಸಿ. ಪ್ರೊಫಿನೆಟ್ ಆದರೆ ಡಿವೈಸ್ ಹೆಸರು ಒಂದಕ್ಷರ ತಪ್ಪಿದರೂ ಸೇರಲ್ಲ. ಇಲ್ಲಿದ್ದದ್ದು ಮಾಡ್‌ಬಸ್ ಟಿಸಿಪಿ, ಪೋರ್ಟ್ 502. ಮಾಡ್‌ಬಸ್ 1979ರದ್ದು, ಹಳೆಯದು, ಸರಳ. ಆದರೆ ಯಾವ ಅಂಕಿ ಯಾರದ್ದು ಅಂತ ಅದು ಹೇಳಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮೊದಲ ದಿನ ಐಪಿ ಕೊಟ್ಟೆ, ಪಿಂಗ್ ಬಂತು, ಅಂದರೆ ಸಂಪರ್ಕ ಸಿಕ್ಕಿತು. ಆದರೆ ಸ್ಕ್ರೀನ್‌ನಲ್ಲಿ ಎಂಟೂ ಅರ್ಥವಿಲ್ಲದ ಅಂಕಿ. ಫ್ಲೋಟ್, ಅಂದರೆ ದಶಮಾಂಶದ ಅಂಕಿಗೆ ಎರಡು ರಿಜಿಸ್ಟರ್ (ಅಂಕಿ ಇಡುವ ಮನೆ) ಬೇಕು. ಅವು ಹಿಂದುಮುಂದಾಗಿವೆ ಅಂದುಕೊಂಡು ಅದಲುಬದಲು ಮಾಡಿದೆ. ತಕ್ಷಣ ಏಳು ಅಂಕಿ ಬಂದವು. ಎಂಟನೆಯದು ಮಾತ್ರ ಸೊನ್ನೆ. ಅದು ದೂರದ ತುದಿಯಲ್ಲಿತ್ತು. ಸಿಗ್ನಲ್ ಸಾಲಲ್ಲ ಅಂತ ಮಧ್ಯಾಹ್ನವಿಡೀ ಆಂಟೆನಾ ಜಾಗ ಬದಲಿಸಿದೆ.

ಸಂಜೆ ಆಪರೇಟರ್ ಅಣ್ಣ ಕರೆದರು. "ಸರ, ನಾಲ್ಕನೇದು ಯಾಕೋ ಐದನೇದರ ಹಂಗ ಕಾಣತೈತ್ರಿ. ಹದಿನೈದು ವರ್ಷದಿಂದ ನೋಡಾಕತ್ತೀನ್ರಿ, ನಾಲ್ಕನೇದು ಇಷ್ಟು ಏರಂಗಿಲ್ಲ."

ಗೇಟ್‌ವೇ ಪೇಜ್ ಮತ್ತು ಪಿಎಲ್‌ಸಿ ಸ್ಕ್ರೀನ್ ಪಕ್ಕಪಕ್ಕ ಇಟ್ಟು ನೋಡಿದೆ. ಅವರು ಹೇಳಿದ್ದೇ ಸರಿ.

ಮೇಜಿನ ಮೇಲೆ ಅದನ್ನೇ ಮತ್ತೆ ಮಾಡಿದ್ದೇನೆ, ನೋಡಿ. ಮೊದಲ ಸೆನ್ಸರಿಗೆ 500 ಡಿಗ್ರಿ, ಎರಡನೆಯದಕ್ಕೆ 1000 ಅಂತ ಸಿಮ್ಯುಲೇಟ್ ಮಾಡಿದ್ದೇನೆ. ಫ್ಲೋಟ್ ಆಗಿ 500 ಅಂದರೆ ರಿಜಿಸ್ಟರ್ 40101ರಲ್ಲಿ 17402, ಮುಂದಿನದರಲ್ಲಿ 0. ಆಮೇಲೆ 1000ಕ್ಕೆ 17530, ಮತ್ತೆ 0. ಗೇಟ್‌ವೇ ಪುಸ್ತಕದಲ್ಲಿ 40101 ಅಂತ ಇದ್ದದ್ದಕ್ಕೆ ನಾನು ಪಿಎಲ್‌ಸಿಯಲ್ಲಿ 101 ಬರೆದಿದ್ದೆ. ಆದರೆ ಈ ಪಿಎಲ್‌ಸಿ ಸೊನ್ನೆಯಿಂದ ಎಣಿಸುತ್ತದೆ, 100 ಬರೆಯಬೇಕಿತ್ತು. ಒಂದು ಮನೆ ಮುಂದೆ ಹೋಗಿ 0, 17530 ಓದುತ್ತಿತ್ತು. ನಾನು ಅದಲುಬದಲು ಮಾಡಿದೆ: 17530, 0. ಅಂದರೆ 1000. ಮೊದಲ ಸೆನ್ಸರಿನ ಜಾಗದಲ್ಲಿ ಎರಡನೆಯದರ ಶಾಖ! ಎರಡು ತಪ್ಪು ಸೇರಿ ಸರಿ ಕಾಣುವ ಅಂಕಿ ಬಂದಿತ್ತು. ಎಂಟನೆಯದರ ಮುಂದೆ ಯಾರೂ ಇಲ್ಲ, ಅದಕ್ಕೆ ಸೊನ್ನೆ. ಆಂಟೆನಾದಲ್ಲಿ ಏನೂ ದೋಷ ಇರಲಿಲ್ಲ.

100 ಬರೆದೆ, ಅದಲುಬದಲು ತೆಗೆದೆ. ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು.

ಇಷ್ಟಕ್ಕೆ ಸೈನ್ ಹಾಕಿಸಿಕೊಂಡು ಬರಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಸ್ಪೇರ್ ಟ್ರಾನ್ಸ್‌ಮಿಟರನ್ನು ಕಂಟ್ರೋಲ್ ರೂಮಿನಲ್ಲೇ ಒಂಬತ್ತನೆಯದಾಗಿ ಸೇರಿಸಿದೆ. ಅದಕ್ಕೆ 1000 ಅಂತ ಸಿಮ್ಯುಲೇಟ್ ಮಾಡಿದೆ, ಸ್ಕ್ರೀನ್ 1000 ತೋರಿಸಿತು. ಬ್ಯಾಟರಿ ಕಿತ್ತೆ. ಹತ್ತು ನಿಮಿಷ ಆದರೂ ಸ್ಕ್ರೀನ್‌ನಲ್ಲಿ ಅದೇ 1000. ಗೇಟ್‌ವೇ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿತ್ತು. ನಿಜವಾದ ಕಿಲ್ನ್‌ನಲ್ಲಿ ಇದೇ ಆಗಿದ್ದರೆ? ಒಳಗೆ ಶಾಖ ಏರುತ್ತಿದ್ದರೂ ಅಣ್ಣ ಆ ಅಂಕಿಯನ್ನೇ ನಂಬುತ್ತಿದ್ದರು.

ಗೇಟ್‌ವೇಯಲ್ಲಿ ಸಂಪರ್ಕ ತಪ್ಪಿದರೆ ನ್ಯಾನ್ ಕೊಡು, ಅಂದರೆ 'ಇದು ಅಂಕಿಯೇ ಅಲ್ಲ' ಅಂತ ಹೇಳು, ಅಂತ ಸೆಟ್ ಮಾಡಿದೆ. ಅಷ್ಟೂ ಸಾಲದು. ನ್ಯಾನ್ ಅಲಾರಂ ಮಿತಿಯಾದ 1050ಕ್ಕಿಂತ ಜಾಸ್ತಿಯಾ ಅಂತ ಪಿಎಲ್‌ಸಿಯನ್ನು ಕೇಳಿದರೆ 'ಇಲ್ಲ' ಅನ್ನುತ್ತದೆ. ಅಲಾರಂ ಹೊಡೆಯೋದೇ ಇಲ್ಲ! ಅದಕ್ಕೆ ಪ್ರತಿ ಸೆನ್ಸರ್ ಸಂಪರ್ಕದಲ್ಲಿದೆಯಾ ಅಂತ ಹೇಳುವ ಸ್ಟೇಟಸ್ ರಿಜಿಸ್ಟರ್ ಕೂಡ ತಂದು, ಅದಕ್ಕೆ ಬೇರೆ ಅಲಾರಂ ಕಟ್ಟಿದೆ.

ಮತ್ತೆ ಬ್ಯಾಟರಿ ಕಿತ್ತೆ. ಸ್ವಲ್ಪ ಹೊತ್ತಿಗೆ ಒಂಬತ್ತನೇ ಚೌಕ ಬೂದು ಬಣ್ಣಕ್ಕೆ ತಿರುಗಿತು, ಹೂಟರ್ ಹೊಡೆಯಿತು. ಅಣ್ಣ ಚಹಾ ಲೋಟ ಕೆಳಗಿಟ್ಟು ಸ್ಕ್ರೀನ್ ಹತ್ತಿರ ಬಂದರು. "ಈಗ ಬರೋಬ್ಬರಿ ಆತ್ ನೋಡ್ರಿ" ಅಂದರು.