ತೊರೆಯ ಜೊತೆಗೊಂದು ಕಾಲುದಾರಿ

ಕೇಳುಗರಿಗೆ ನಮಸ್ಕಾರ.

ಊರವರೇ ಸೇರಿ ತೊರೆಯ ಗುಂಟ ಕಾಲುದಾರಿ ಮಾಡಿಕೊಂಡಾಗ ಸಾಮಾನ್ಯವಾಗಿ ಎರಡು ಬಗೆಯ ಫಲಕಗಳನ್ನು ನೆಡುತ್ತಾರೆ. ಒಂದರಲ್ಲಿ ಹಳೆಯ ಸೇತುವೆ, ಗಿರಣಿಗಳ ಕಥೆ. ಇನ್ನೊಂದರಲ್ಲಿ ಮೀನು, ಹಕ್ಕಿ, ಗಿಡಮರಗಳ ಚಿತ್ರ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ತೊರೆಯ ಮಟ್ಟಿಗೆ ಜನರ ಚರಿತ್ರೆಯೂ ಜೀವಿಗಳ ಬದುಕೂ ಒಂದರೊಳಗೊಂದು ಹೆಣೆದುಕೊಂಡಿವೆ.

ದಂಡೆಯನ್ನೇ ನೋಡಿ. ಎಷ್ಟೋ ಕಡೆ ಅದು ಆಳೆತ್ತರಕ್ಕೆ ಕಡಿದಾಗಿ ನಿಂತಿರುತ್ತದೆ. ನೀರೇ ಸಾವಿರಾರು ವರ್ಷ ಕೊರೆದು ಹೀಗಾಯಿತೆಂದು ನಾವು ನಂಬುತ್ತೇವೆ. ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ಸುತ್ತಲಿನ ತೊರೆಗಳನ್ನು ಅಭ್ಯಾಸ ಮಾಡಿದ ಭೂವಿಜ್ಞಾನಿಗಳಾದ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 2008ರಲ್ಲಿ ಬೇರೆಯದೇ ಕಾರಣ ತೋರಿಸಿದರು. ಅಲ್ಲಿ ನೀರಿನ ಬಲದಿಂದ ಓಡುವ ಗಿರಣಿಗಳಿಗಾಗಿ ಜನರು ತೊರೆತೊರೆಗೂ ಕಟ್ಟೆ ಕಟ್ಟಿದ್ದರು. 1840ರ ಗಣತಿಯ ಪ್ರಕಾರ ಆ ದೇಶದ ಪೂರ್ವ ಭಾಗದಲ್ಲೇ ಇಂಥ 65,000ಕ್ಕೂ ಹೆಚ್ಚು ಗಿರಣಿಗಳಿದ್ದವು. ಕಾಡು ಕಡಿದ ಇಳಿಜಾರುಗಳಿಂದ ಕೊಚ್ಚಿ ಬಂದ ಮಣ್ಣು ಕಟ್ಟೆಗಳ ಹಿಂದೆ ಹೂಳಾಗಿ ತುಂಬಿತು. ಮುಂದೆ ಕಟ್ಟೆ ಒಡೆದಾಗ ನೀರು ಆ ಹೂಳನ್ನೇ ಸೀಳಿಕೊಂಡು ಇಳಿಯಿತು. ಇಂದು ಕಾಣುವ ಎತ್ತರದ ದಂಡೆ ಆ ಹೂಳಿನ ಗೋಡೆ! ಅದರ ಬುಡದಲ್ಲಿ ಸಿಗುವ ಕಪ್ಪು ಪದರ, ಹಿಂದೆ ಅಲ್ಲಿದ್ದ ಜೌಗುನೆಲದ ಮಣ್ಣು. ಆ ಕಾಲದ ಗಿಡಗಳ ಬೀಜಗಳು ಇನ್ನೂ ಅದರಲ್ಲಿವೆ.

ಇಂಥ ದಂಡೆ ಕುಸಿದಾಗಲೆಲ್ಲ ನುಣ್ಣನೆಯ ಮಣ್ಣು ನೀರಿಗೆ ಇಳಿದು ಕಲ್ಲುಗಳ ನಡುವಣ ಸಂದುಗಳನ್ನು ಮುಚ್ಚುತ್ತದೆ. ಆ ಸಂದುಗಳಲ್ಲೇ ತೊರೆಯ ಜೀವಸಂಕುಲ ತುಂಬಿರುವುದು. ನೀರು ಸದ್ದು ಮಾಡುತ್ತ ಹಾಯುವ ಕಡೆ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ ನೋಡಿ. ಮರಳಿನ ಕಣಗಳಿಂದ ಮಾಡಿದ ಪುಟ್ಟ ಕೊಳವೆ ಸಿಕ್ಕೀತು. ಕ್ಯಾಡಿಸ್ ಎಂಬ ಕೀಟದ ಮರಿ ತನ್ನ ಬಾಯಿಯ ಬಳಿ ಹೊರಡುವ ರೇಷ್ಮೆಯೆಳೆಯಿಂದ ಒಂದೊಂದೇ ಕಣವನ್ನು ಅಂಟಿಸಿ ಕಟ್ಟಿಕೊಂಡ ಮನೆ ಅದು. ಪಕ್ಕದಲ್ಲೇ ಮೇಫ್ಲೈ ಮರಿಯೂ ಇದ್ದೀತು: ಚಪ್ಪಟೆ ಮೈ, ಹೆಚ್ಚಾಗಿ ಮೂರು ಬಾಲದೆಳೆಗಳು, ಹೊಟ್ಟೆಯ ಇಕ್ಕೆಲಗಳಲ್ಲಿ ಮಿಡಿಯುವ ಕಿವಿರುಗಳು. ಕೊಳಚೆ ಸೇರಿ ಆಮ್ಲಜನಕ ಕುಗ್ಗಿದರೆ ಮೊದಲು ಮಾಯವಾಗುವ ಜೀವಿಗಳಲ್ಲಿ ಇವೂ ಸೇರಿವೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಬೇಕು. ಮಕ್ಕಳಿಗೆ ಇದನ್ನು ನೀರಿಗೆ ಇಳಿಯುವ ಮೊದಲೇ ಹೇಳಿ.

ದಂಡೆಯ ಮರಗಳೂ ಈ ಜೀವಿಗಳ ಬದುಕಿಗೆ ಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಹಾಗಾಗಿ ನೆರಳು ಹೋದರೆ ಉಸಿರೂ ಕಡಿಮೆ. ಉದುರಿದ ಎಲೆಗಳನ್ನು ಶಿಲೀಂಧ್ರಗಳು ಮೆತ್ತಗೆ ಮಾಡಿದ ಮೇಲೆ ಅನೇಕ ಕೀಟಗಳ ಮರಿಗಳು ತಿನ್ನುತ್ತವೆ. ಕಸವೆಂದು ದಂಡೆಯನ್ನು ಗುಡಿಸಿ ಬೋಳು ಮಾಡುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ದಾರಿ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಹಳೆಯ ನಕ್ಷೆಗಳನ್ನೂ ಜಮೀನಿನ ದಾಖಲೆಗಳನ್ನೂ ತೆಗೆದು, ಹಿರಿಯರನ್ನು ಕೇಳಿ, ಒಡೆದ ಕಟ್ಟೆ ಎಲ್ಲಿತ್ತೆಂದು ಗುರುತಿಸಿ. ಅದರ ಮೇಲೂ ಕೆಳಗೂ ಕಲ್ಲಿನಡಿಯ ಜೀವಿಗಳನ್ನು ಎಣಿಸಿ. ಎಣಿಕೆ ಪ್ರತಿ ವರ್ಷ ಒಂದೇ ಋತುವಿನಲ್ಲಿ ನಡೆಯಲಿ. ರೆಕ್ಕೆ ಮೂಡಿದ ಮೇಲೆ ಈ ಕೀಟಗಳು ನೀರು ಬಿಟ್ಟು ಹಾರಿಹೋಗುವುದರಿಂದ ಬೇರೆ ಬೇರೆ ತಿಂಗಳ ಲೆಕ್ಕಗಳನ್ನು ಹೋಲಿಸಲು ಬರುವುದಿಲ್ಲ.