ಆಳದ ಕಲ್ಲು ಬಾಗುವ ಬಗೆ

ಕೇಳುಗರಿಗೆ ನಮಸ್ಕಾರ.

ನಾವು ನಿಂತಿರುವ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದ ಕಡೆ ಸರಿಯುತ್ತಿದೆ. ಅದರ ಕೆಳಗಿರುವುದೆಲ್ಲ ಕುದಿಯುವ ಲಾವಾ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. 2,900 ಕಿಲೋಮೀಟರ್ ಆಳದವರೆಗೆ ಹೆಚ್ಚುಕಡಿಮೆ ಗಟ್ಟಿ ಕಲ್ಲೇ. ಆ ಗಟ್ಟಿ ಕಲ್ಲೇ ನಿಧಾನಕ್ಕೆ ಬಾಗುತ್ತದೆ, ಹರಿಯುತ್ತದೆ. ಹೇಗೆ?

ಇಳಿದು ನೋಡುವ ಹಾಗಿಲ್ಲ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರೂ ಮುಟ್ಟಿದ್ದು 12 ಕಿಲೋಮೀಟರ್ ಚಿಲ್ಲರೆ. ಅದಕ್ಕೇ ಆಳದ ಒತ್ತಡವನ್ನು ಮೇಜಿನ ಮೇಲೆ ಹುಟ್ಟಿಸುತ್ತಾರೆ. ಎರಡು ವಜ್ರಗಳ ತುದಿ ಎದುರುಬದುರು ಇಟ್ಟು, ನಡುವೆ ಕಲ್ಲಿನ ಚೂರು ಹಾಕಿ, ತಿರುಪು ಬಿಗಿಯುತ್ತಾರೆ. ತುದಿ ತೀರಾ ಸಣ್ಣದು. ಕೈಯಲ್ಲೇ ಬಿಗಿದರೂ ಗಾಳಿಯ ಒತ್ತಡದ ಲಕ್ಷಗಟ್ಟಲೆ ಪಟ್ಟು ಬರುತ್ತದೆ. 1958ರಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿದಾಗ ಬಳಸಿದ್ದು ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡ ವಜ್ರಗಳನ್ನು!

ನನ್ನ ಕೇಳಿದರೆ, ಒತ್ತುವುದು ಸುಲಭದ ಕೆಲಸ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಕಲ್ಲು ಕುಗ್ಗುತ್ತದೆ ಅಷ್ಟೇ, ಬಾಗುವುದಿಲ್ಲ. ಬಾಗಬೇಕಾದರೆ ಒಂದು ಕಡೆಯ ಒತ್ತಡ ಜಾಸ್ತಿ ಇರಬೇಕು. ಇದಕ್ಕೆ ಡಿ-ಡಿಐಎ ಎಂಬ ಯಂತ್ರವಿದೆ. ಆರು ಗಟ್ಟಿ ತುಂಡುಗಳು ಆರು ಕಡೆಯಿಂದ ಒತ್ತುತ್ತವೆ. ಆಮೇಲೆ ಮೇಲಿನದು, ಕೆಳಗಿನದು ಮುಂದೆ ಬರುತ್ತವೆ, ಪಕ್ಕದ ನಾಲ್ಕು ಹಿಂದೆ ಸರಿಯುತ್ತವೆ. ಒಟ್ಟು ಒತ್ತಡ ಹಾಗೇ ಉಳಿದು, ನಡುವಿನ ಕಲ್ಲು ಗಿಡ್ಡವಾಗುತ್ತದೆ. ಕಲ್ಲಿನ ಎರಡೂ ತುದಿಗೆ ತೆಳು ಲೋಹದ ಹಾಳೆ ಇಟ್ಟಿರುತ್ತಾರೆ. ಎಕ್ಸ್‌ರೇ ಚಿತ್ರದಲ್ಲಿ ಅವು ಎರಡು ಕಪ್ಪು ಗೆರೆ. ಆ ಗೆರೆಗಳು ಒಂದಕ್ಕೊಂದು ಹತ್ತಿರವಾಗುವುದನ್ನು ಕಾಯುತ್ತಾ ಕೂರಬೇಕು.

ಕಲ್ಲಿನೊಳಗೆ ಹರಳಿನ ಪದರಗಳು ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಎಲ್ಲ ಖನಿಜವೂ ಒಂದೇ ಸಮ ಜಾರುವುದಿಲ್ಲ. ಭೂಮಿಯಲ್ಲಿ ಅತಿ ಹೆಚ್ಚು ಇರುವ ಖನಿಜ ಬ್ರಿಜ್‌ಮನೈಟ್. 660 ಕಿಲೋಮೀಟರ್‌ಗಿಂತ ಕೆಳಗೆ ಅದರದ್ದೇ ರಾಜ್ಯ. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಅದನ್ನು, ಜೊತೆಗಿರುವ ಇನ್ನೊಂದು ಖನಿಜದೊಂದಿಗೆ, ಭಾರೀ ಒತ್ತಡದಲ್ಲಿ ತಿರುಚಿ ನೋಡಿತು. ಬ್ರಿಜ್‌ಮನೈಟ್ ಸುಲಭಕ್ಕೆ ಬಗ್ಗಲಿಲ್ಲ. ಪ್ರಮಾಣದಲ್ಲಿ ಕಡಿಮೆಯಿರುವ ಮೆತ್ತನೆ ಜೊತೆಗಾರನೇ ಜಾಸ್ತಿ ಬಾಗಿತ್ತು.

ಇನ್ನು ಸಮಯ. ನಿಜವಾದ ತಲೆನೋವು ಇದೇ. ಪ್ರಯೋಗದಲ್ಲಿ ಕಲ್ಲು ನೂರಕ್ಕೆ ಹತ್ತರಷ್ಟು ಗಿಡ್ಡವಾಗಲು ಕೆಲವೇ ಗಂಟೆ ಸಾಕು. ಆಳದಲ್ಲಿ ಅಷ್ಟೇ ಬದಲಾವಣೆಗೆ ಸುಮಾರು 30 ಲಕ್ಷ ವರ್ಷ ಹಿಡಿಯಬಹುದು. ಅವಸರದಲ್ಲಿ ಪದರ ಜಾರುವ ಕಲ್ಲು, ಬಿಡುವಿದ್ದರೆ ಬೇರೆ ದಾರಿ ಹಿಡಿದೀತು, ಅಲ್ವಾ? ಒಂದೊಂದೇ ಪರಮಾಣು ಜಾಗ ಬದಲಿಸಿಯೂ ಆಕಾರ ಬದಲಾಗುತ್ತದೆ. ಹಾಗಾಗಿ ಬೇರೆ ಬೇರೆ ಶಾಖದಲ್ಲಿ, ಬೇರೆ ಬೇರೆ ಗಾತ್ರದ ಹರಳುಗಳಲ್ಲಿ ಅಳೆದು, ಅಲ್ಲಿಂದ ನಿಧಾನದ ವೇಗಕ್ಕೆ ಲೆಕ್ಕ ಹಾಕುತ್ತಾರೆ. ಗಂಟೆಗಳಿಂದ ಲಕ್ಷ ವರ್ಷಗಳಿಗೆ ಹಾರುವ ಆ ಲೆಕ್ಕವನ್ನು ಎಷ್ಟು ನಂಬಬಹುದು ಎಂಬ ವಾದ ಇನ್ನೂ ಮುಗಿದಿಲ್ಲ.

ನಮಸ್ಕಾರ.