ಈರುಳ್ಳಿ ಬೇರು, ಬಿಸಿಲು ಮತ್ತು ಹಸಿವು: ‘ಟ್ವೈಲೈಟ್’ ನನ್ನಂಥ ಸಂದೇಹದ ಓದುಗರನ್ನು ಹಿಡಿದಿಟ್ಟಿದ್ದು ಹೇಗೆ?

[ಪರದೆಯ ಮೇಲೆ: ಮೈಕ್ರೋಸ್ಕೋಪಿನಡಿ ಈರುಳ್ಳಿ ಬೇರಿನ ತುದಿಯ ಕೋಶಗಳು]

ನಮಸ್ಕಾರ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಈ ಚಿತ್ರ ಚೆನ್ನಾಗಿ ಗೊತ್ತು. ಈರುಳ್ಳಿ ಬೇರಿನ ತುದಿ. ಕೋಶ ವಿಭಜನೆಯ ಯಾವ ಹಂತ ಎಂದು ಗುರುತಿಸಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಅಮೆರಿಕದ ಒಂದು ಸಣ್ಣ ಊರಿನ ಶಾಲೆಯಲ್ಲಿ ಇದೇ ಸ್ಲೈಡನ್ನು ಮುಂದಿಟ್ಟುಕೊಂಡು ಒಬ್ಬ ಹುಡುಗಿ, ಒಬ್ಬ ಹುಡುಗ ಒಂದೇ ಮೇಜಿನಲ್ಲಿ ಕುಳಿತಿದ್ದಾರೆ. ಹುಡುಗಿ ನೋಡಿ ‘ಪ್ರೊಫೇಸ್’ ಎನ್ನುತ್ತಾಳೆ. ಅವಳು ಸ್ಲೈಡ್ ತೆಗೆಯಲು ಹೋದಾಗ ಹುಡುಗ, ತಾನೂ ಒಮ್ಮೆ ನೋಡಬಹುದೇ ಎಂದು ಕೇಳುತ್ತಾ ಅವಳ ಕೈ ತಡೆಯುತ್ತಾನೆ. ಅವನ ಬೆರಳುಗಳು ಹಿಮದಲ್ಲಿ ಹೂತಿಟ್ಟು ತೆಗೆದಂತೆ ತಣ್ಣಗಿವೆ. ಅವನು ಒಮ್ಮೆ ಕಣ್ಣಿಟ್ಟು ನೋಡಿ ‘ಪ್ರೊಫೇಸ್’ ಎಂದು ಒಪ್ಪುತ್ತಾನೆ. ಮುಂದಿನ ಸ್ಲೈಡಿಗೆ ‘ಅನಾಫೇಸ್’ ಎನ್ನುತ್ತಾನೆ. ಈಗ ಪರೀಕ್ಷಿಸಿ ನೋಡುವ ಸರದಿ ಹುಡುಗಿಯದು.

ವ್ಯಾಂಪೈರ್ ಪ್ರೇಮಕಥೆಯೊಂದರಲ್ಲಿ ನಾಯಕ ನಾಯಕಿಯ ಕೈ ಮೊದಲ ಬಾರಿಗೆ ಮುಟ್ಟುವ ದೃಶ್ಯ ಇದು. ಸ್ಮಶಾನವಿಲ್ಲ, ಹುಣ್ಣಿಮೆಯಿಲ್ಲ, ಕಪ್ಪು ನಿಲುವಂಗಿಯಿಲ್ಲ. ಇಬ್ಬರು ಜಾಣ ಮಕ್ಕಳು ಪರಸ್ಪರರ ಉತ್ತರ ಸರಿಯೇ ಎಂದು ನೋಡುತ್ತಿದ್ದಾರೆ. ನನ್ನ ಗಮನ ಪುಸ್ತಕದ ಕಡೆ ನಿಜವಾಗಿ ತಿರುಗಿದ್ದು ಇಲ್ಲಿ.

ಪ್ರೇಮ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದರಲ್ಲೂ ರಕ್ತ ಹೀರುವ ಸುಂದರಾಂಗ, ಅವನಿಗೆ ಮನಸೋತ ಹದಿಹರೆಯದ ಹುಡುಗಿ ಎಂದರೆ ಇನ್ನೂ ದೂರ. ತಪ್ಪು ಕಂಡಲ್ಲೆಲ್ಲ ಗುರುತು ಹಾಕಲು ಪೆನ್ಸಿಲ್ ಹಿಡಿದುಕೊಂಡೇ ‘ಟ್ವೈಲೈಟ್’ ಓದಲು ಕುಳಿತಿದ್ದೆ. ಗುರುತುಗಳೇನೋ ಬಿದ್ದವು. ನಾಯಕ ಎಡ್ವರ್ಡ್‌ನ ಮುಖ ಶಿಲ್ಪದಂತಿದೆ, ಅಮೃತಶಿಲೆಯಂತಿದೆ ಎಂದು ಎಷ್ಟು ಸಲ ಹೇಳುವುದು? ಆದರೂ ಮುಗಿಸಿದ ಕೂಡಲೇ ಮತ್ತೆ ಮೊದಲ ಪುಟಕ್ಕೆ ಹೋದೆ. ಯಾಕೆ ಎಂಬುದೇ ಇಂದಿನ ಪ್ರಶ್ನೆ. ಕೊನೆಯ ಗುಟ್ಟನ್ನೂ ಹೇಳಲಿದ್ದೇನೆ. ಇನ್ನೂ ಓದದವರು ಇಲ್ಲೇ ನಿಲ್ಲಿಸಿ, ಓದಿ ಬನ್ನಿ.

[ಪರದೆಯ ಮೇಲೆ: ಅರಿಝೋನಾದಿಂದ ವಾಷಿಂಗ್ಟನ್ ರಾಜ್ಯಕ್ಕೆ ಸಾಗುವ ನಕ್ಷೆ]

ಹಿನ್ನೆಲೆ ಬೇಗ ಮುಗಿಸುತ್ತೇನೆ. ಲೇಖಕಿ ಸ್ಟೆಫನಿ ಮೇಯರ್ ಆಗ ಅರಿಝೋನಾದ ಗೃಹಿಣಿ, ಮೂವರು ಪುಟ್ಟ ಗಂಡುಮಕ್ಕಳ ತಾಯಿ. 2003ರ ಜೂನ್ 2ರಂದು ಅವರಿಗೊಂದು ಕನಸು ಬಿತ್ತು: ಕಾಡಿನ ನಡುವಿನ ಹುಲ್ಲುಗಾವಲು, ಬಿಸಿಲಿನಲ್ಲಿ ಹೊಳೆಯುವ ಹುಡುಗ, ಎದುರಿಗೊಬ್ಬಳು ಹುಡುಗಿ. ನಿನ್ನ ರಕ್ತದ ವಾಸನೆ ನನ್ನನ್ನು ಸೆಳೆಯುತ್ತಿದೆ, ನಿನ್ನನ್ನು ಕೊಲ್ಲದೆ ಇರುವುದೇ ಕಷ್ಟವಾಗಿದೆ ಎಂದು ಅವನು ಹೇಳುತ್ತಿದ್ದಾನೆ. ಆ ಕನಸೇ ಕಾದಂಬರಿಯ 13ನೆಯ ಅಧ್ಯಾಯ. ಉಳಿದದ್ದನ್ನು ಅವರು ಅದರ ಹಿಂದಕ್ಕೂ ಮುಂದಕ್ಕೂ ಸುಮಾರು ಮೂರು ತಿಂಗಳಲ್ಲಿ ಬರೆದರು. ಕಥೆಗೆ ಮಳೆಯ ಊರು ಬೇಕಿತ್ತು. ಗೂಗಲ್‌ನಲ್ಲಿ ಹುಡುಕಿದಾಗ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಸಿಕ್ಕಿತು. 2005ರ ಅಕ್ಟೋಬರ್‌ನಲ್ಲಿ ಪುಸ್ತಕ ಬಂತು, 2008ರಲ್ಲಿ ಸಿನಿಮಾ. ಇಡೀ ಸರಣಿ 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಈಗ ನನಗೆ ತುಂಬ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ತಾಳ್ಮೆಯಿರಲಿ.

[ಪರದೆಯ ಮೇಲೆ: ಮರದ ಎಲೆಗಳ ನಡುವಿನಿಂದ ಇಳಿಯುವ ಬಿಸಿಲು]

ಈ ಕಾದಂಬರಿಯನ್ನು ಗೇಲಿ ಮಾಡುವವರ ಮೊದಲ ಅಸ್ತ್ರ ಯಾವುದು? ಬಿಸಿಲು. ವ್ಯಾಂಪೈರ್ ಬಿಸಿಲಿಗೆ ಬಂದರೆ ಉರಿದು ಬೂದಿಯಾಗಬೇಕು, ಈ ಎಡ್ವರ್ಡ್ ವಜ್ರದ ಪುಡಿ ಬಳಿದುಕೊಂಡವನಂತೆ ಮಿನುಗುತ್ತಾನೆ, ಇದು ಪರಂಪರೆಗೆ ಮಾಡಿದ ಅಪಚಾರ ಎನ್ನುತ್ತಾರೆ. ಸರಿ, ಪರಂಪರೆಯನ್ನೇ ಕೇಳೋಣ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’, 1897. ಅದರಲ್ಲಿ ಸೆಪ್ಟೆಂಬರ್ 22ರ ದಿನಚರಿ ತೆಗೆಯಿರಿ. ಮೀನಾ ಮತ್ತು ಜೊನಾಥನ್ ಹಾರ್ಕರ್ ಲಂಡನ್ನಿನ ಪಿಕಾಡಿಲಿ ರಸ್ತೆಯಲ್ಲಿ ಕೈ ಹಿಡಿದು ನಡೆಯುತ್ತಿದ್ದಾರೆ. ಅಂಗಡಿಯೊಂದರ ಮುಂದೆ ಸಾರೋಟಿನಲ್ಲಿ ದೊಡ್ಡ ಟೊಪ್ಪಿಗೆಯ ಚೆಲುವೆಯೊಬ್ಬಳು ಕುಳಿತಿದ್ದಾಳೆ. ಸ್ವಲ್ಪ ದೂರದಲ್ಲಿ ಎತ್ತರದ, ತೆಳ್ಳನೆಯ, ಕಪ್ಪು ಮೀಸೆಯ ಮನುಷ್ಯನೊಬ್ಬ ಅವಳನ್ನೇ ದಿಟ್ಟಿಸುತ್ತಿದ್ದಾನೆ. ಜೊನಾಥನ್ ಅವನನ್ನು ಕಂಡು ಬಿಳುಚಿಕೊಳ್ಳುತ್ತಾನೆ. ಅವನೇ ಡ್ರಾಕುಲಾ. ಹಾಡಹಗಲು, ತುಂಬಿದ ಪೇಟೆ ಬೀದಿ. ಉರಿಯಲಿಲ್ಲ, ಹೊಗೆಯೂ ಏಳಲಿಲ್ಲ! ಸ್ಟೋಕರ್‌ನ ಕಥೆಯಲ್ಲಿ ಹಗಲು ವ್ಯಾಂಪೈರ್‌ನ ಶಕ್ತಿಯನ್ನು ಕುಂದಿಸುತ್ತದೆ, ಅಷ್ಟೆ. ಕೊನೆಗೆ ಅವನನ್ನು ಮುಗಿಸುವುದು ಎರಡು ಕತ್ತಿಗಳು, ಅವುಗಳಲ್ಲೊಂದು ನೇಪಾಳದ ಗೂರ್ಖರ ಕುಕ್ರಿ. ಇದು ನನಗೆ ಎಷ್ಟು ಹೇಳಿದರೂ ಸಾಲದ ವಿವರ.

ಹಾಗಾದರೆ ಬಿಸಿಲಿಗೆ ಸಾಯುವ ವ್ಯಾಂಪೈರ್ ಬಂದದ್ದು ಎಲ್ಲಿಂದ? 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನಿಂದ. ನಿರ್ದೇಶಕ ಮುರ್ನೌ ಮತ್ತು ಅವನ ತಂಡ ‘ಡ್ರಾಕುಲಾ’ ಕಥೆಯನ್ನು ಅನುಮತಿ ಕೇಳದೆ ಎತ್ತಿಕೊಂಡಿತು, ಹೆಸರುಗಳನ್ನು ಬದಲಿಸಿತು, ಅಂತ್ಯವನ್ನೂ ಬದಲಿಸಿತು. ಕೋಳಿ ಕೂಗುವವರೆಗೆ ನಾಯಕಿ ಆ ಪಿಶಾಚಿಯನ್ನು ತನ್ನ ಬಳಿ ಉಳಿಸಿಕೊಳ್ಳುತ್ತಾಳೆ. ಸೂರ್ಯನ ಬೆಳಕು ಬಿದ್ದೊಡನೆ ಅದು ಹೊಗೆಯಾಗಿ ಕರಗುತ್ತದೆ. ಸ್ಟೋಕರ್‌ನ ವಿಧವೆ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದರು. ಚಿತ್ರದ ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಕೆಲವು ಪ್ರತಿಗಳು ಹೇಗೋ ಉಳಿದವು. ಉಳಿದದ್ದರಿಂದಲೇ ಜಗತ್ತಿನ ಸಿನಿಮಾಗಳು ‘ಬಿಸಿಲು ಬಿದ್ದರೆ ಸಾವು’ ಎಂಬ ನಿಯಮವನ್ನು ಕಲಿತವು. ಸನಾತನ ಎಂದು ನಾವು ನಂಬಿರುವ ನಿಯಮಕ್ಕೆ ಇನ್ನೂ 110 ವರ್ಷ ತುಂಬಿಲ್ಲ, ಅದೂ ಕದ್ದ ಕಥೆಯೊಂದರ ಕೊಡುಗೆ. ಮುರ್ನೌಗೆ ಇದ್ದ ಸ್ವಾತಂತ್ರ್ಯ ಮೂರು ಮಕ್ಕಳ ತಾಯಿಯೊಬ್ಬಳಿಗೆ ಇರಬಾರದೇ?

ಇನ್ನೊಂದು ಮಾತು. ಆ ಮಿನುಗು ಕಥೆಗೆ ಕೆಲಸಕ್ಕೆ ಬರುವಂಥದ್ದು. ಬಿಸಿಲು ಬಂದರೆ ತಾವು ಮನುಷ್ಯರಲ್ಲ ಎಂಬುದು ಊರಿಗೆಲ್ಲ ತಿಳಿದುಬಿಡುತ್ತದೆ. ಅದಕ್ಕೇ ಎಡ್ವರ್ಡ್‌ನ ಕುಟುಂಬ ಮೋಡ ಕವಿದ ಫೋರ್ಕ್ಸ್‌ನಲ್ಲಿ ನೆಲೆಸಿದೆ, ಬಿಸಿಲಿನ ದಿನ ಮಕ್ಕಳು ಶಾಲೆಗೇ ಬರುವುದಿಲ್ಲ. ಫೋರ್ಕ್ಸ್‌ನಲ್ಲಿ ವರ್ಷಕ್ಕೆ 100 ಇಂಚಿಗೂ ಹೆಚ್ಚು ಮಳೆ. ಆಗುಂಬೆಯ ಮಳೆ ಕಂಡವರಿಗೆ ಇದು ಹೆಚ್ಚೆನಿಸಲಿಕ್ಕಿಲ್ಲ. ಆದರೆ ಬಿಸಿಲನ್ನೇ ಉಸಿರಾಡಿ ಬೆಳೆದ ನಾಯಕಿ ಬೆಲ್ಲಾ ಅರಿಝೋನಾದ ಫೀನಿಕ್ಸ್‌ನಿಂದ ಬಂದವಳು. ಅವಳಿಗೆ ಬೇಕಾದದ್ದೇ ಅವನು ತಪ್ಪಿಸಿಕೊಳ್ಳಬೇಕಾದದ್ದು.

[ಪರದೆಯ ಮೇಲೆ: ಖಾಲಿ ತರಗತಿ, ಪಕ್ಕಪಕ್ಕದಲ್ಲಿ ಎರಡು ಕುರ್ಚಿ]

ಇನ್ನು ನನ್ನನ್ನು ಹಿಡಿದಿಟ್ಟ ಸಂಗತಿ. ನಾವು ಓದಿ ನೋಡಿ ಬೆಳೆದ ಪ್ರೇಮಕಥೆಗಳಲ್ಲಿ ಅಡ್ಡಿ ಹೊರಗಿನಿಂದ ಬರುತ್ತದೆ: ಜಾತಿ, ಅಂತಸ್ತು, ಅಪ್ಪನ ಹಟ. ಇಲ್ಲಿ ಅಡ್ಡಿ ಪ್ರೀತಿಸುವವನ ಮೈಯೊಳಗೇ ಇದೆ. ಯಾವ ದೇಹಕ್ಕೆ ಅವಳು ಹತ್ತಿರವಿರಬೇಕೋ ಅದೇ ದೇಹಕ್ಕೆ ಅವಳು ಆಹಾರ. ಹಾಗಾಗಿ ಇಬ್ಬರೂ ಸುಮ್ಮನೆ ಕುಳಿತಿದ್ದರೂ ದೃಶ್ಯದೊಳಗೆ ಬಿಗಿ ಇರುತ್ತದೆ. ಈ ಒಂದು ಏರ್ಪಾಡನ್ನು ಮೇಯರ್ ಎಷ್ಟು ಅಚ್ಚುಕಟ್ಟಾಗಿ ದುಡಿಸಿಕೊಂಡಿದ್ದಾರೆ ಎಂಬುದು ಎರಡನೆಯ ಓದಿನಲ್ಲಿ ಗೊತ್ತಾಗುತ್ತದೆ.

ಶಾಲೆಯ ಮೊದಲ ದಿನ ನೋಡಿ. ಬೆಲ್ಲಾ ಪಕ್ಕದಲ್ಲಿ ಕುಳಿತೊಡನೆ ಎಡ್ವರ್ಡ್ ಕುರ್ಚಿಯ ತುದಿಗೆ ಸರಿಯುತ್ತಾನೆ, ದುರ್ನಾತ ಬಡಿದವನಂತೆ ಮುಖ ತಿರುಗಿಸುತ್ತಾನೆ, ತರಗತಿ ಮುಗಿಯುವವರೆಗೂ ಮುಷ್ಟಿ ಬಿಗಿದೇ ಇರುತ್ತದೆ. ಪಾಪ, ಹೊಸ ಹುಡುಗಿ. ತನ್ನ ಕೂದಲನ್ನೇ ಮೂಸಿ ನೋಡಿಕೊಳ್ಳುತ್ತಾಳೆ. ಸ್ಟ್ರಾಬೆರಿ ಶಾಂಪೂವಿನ ವಾಸನೆ, ಇನ್ನೇನೂ ಇಲ್ಲ. ಮೊದಲ ಓದಿನಲ್ಲಿ ಇದು ಶಾಲೆಯಲ್ಲಿ ನಡೆಯುವ ಸಾಮಾನ್ಯ ಅವಮಾನ. ಹೊಸ ತರಗತಿಗೆ ಕಾಲಿಟ್ಟು ಕುಗ್ಗಿದ ಯಾರಿಗಾದರೂ ಅರ್ಥವಾಗುವಂಥದ್ದು. ಎಷ್ಟೋ ಪುಟಗಳ ನಂತರ, ಹುಲ್ಲುಗಾವಲಿನಲ್ಲಿ ಅವನು ನಿಜ ಹೇಳುತ್ತಾನೆ: ಆ ಒಂದು ಗಂಟೆ ಅವಳನ್ನು ಕೋಣೆಯಿಂದ ಹೊರಗೆ ಕರೆದೊಯ್ಯುವ ನೂರು ಉಪಾಯ ಹೊಳೆದಿದ್ದವು, ಒಂದೊಂದನ್ನೂ ಅದುಮಿಟ್ಟುಕೊಂಡು ಕುಳಿತಿದ್ದ. ಅವಳು ಶಾಂಪೂ ವಾಸನೆ ನೋಡಿಕೊಳ್ಳುತ್ತಿದ್ದಾಗ ಸಾವು ಒಂದು ಮೊಳ ದೂರದಲ್ಲಿತ್ತು. ತಿರುಗಿ ಆ ಪುಟಕ್ಕೆ ಹೋದರೆ ಒಂದು ಪದವೂ ಬದಲಾಗಿಲ್ಲ, ದೃಶ್ಯ ಮಾತ್ರ ಪೂರ್ತಿ ಬೇರೆಯಾಗಿದೆ. ಪತ್ತೇದಾರಿ ಕಾದಂಬರಿಗಳಲ್ಲಿ ನಾನು ಹುಡುಕುವ ಸುಖ ಇದೇ. ಅದು ಇಲ್ಲಿ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ.

ಐದನೆಯ ಅಧ್ಯಾಯದಲ್ಲಿ ಜೀವಶಾಸ್ತ್ರದ ಮೇಷ್ಟ್ರು ರಕ್ತದ ಗುಂಪು ಪರೀಕ್ಷೆ ಇಟ್ಟುಕೊಳ್ಳುತ್ತಾರೆ. ಎಡ್ವರ್ಡ್ ಅಂದು ತರಗತಿಗೆ ಚಕ್ಕರ್. ಯಾಕೆಂದು ಊಹಿಸುವುದು ಓದುಗರಿಗೆ ಬಿಟ್ಟಿದ್ದು. ಬೆಲ್ಲಾಳಿಗೆ ರಕ್ತ ಕಂಡರಾಗುವುದಿಲ್ಲ, ವಾಸನೆಗೇ ತಲೆ ತಿರುಗುತ್ತದೆ. ರಕ್ತವನ್ನೇ ಬದುಕಾಗಿಸಿಕೊಂಡ ಅವನು, ರಕ್ತದ ವಾಸನೆ ತಡೆಯದ ಇವಳು, ಇಬ್ಬರೂ ಒಂದೇ ತರಗತಿಯಿಂದ ಹೊರಬಿದ್ದು ಅಂಗಳದಲ್ಲಿ ಸಿಗುತ್ತಾರೆ. ಎಷ್ಟು ಚೆಂದದ ಹೆಣಿಗೆ!

ಕೊನೆಗೆ ಫೀನಿಕ್ಸ್‌ನ ನೃತ್ಯಶಾಲೆ, ಸುತ್ತ ಕನ್ನಡಿಗಳು. ಜೇಮ್ಸ್ ಎಂಬ ಬೇಟೆಗಾರ ವ್ಯಾಂಪೈರ್ ಬೆಲ್ಲಾಳ ಕೈ ಕಚ್ಚಿದ್ದಾನೆ, ವಿಷ ಏರುತ್ತಿದೆ. ಎಡ್ವರ್ಡ್ ಅದನ್ನು ಹೀರಿ ತೆಗೆಯಬೇಕು. ಅಂದರೆ ಸುಮಾರು 500 ಪುಟಗಳ ಕಾದಂಬರಿಯುದ್ದಕ್ಕೂ ಯಾವುದನ್ನು ಮಾಡದಿರಲು ಹೆಣಗಿದನೋ ಅದನ್ನೇ ಮಾಡಬೇಕು, ಮಾಡಿ ಸರಿಯಾದ ಗಳಿಗೆಯಲ್ಲಿ ನಿಲ್ಲಿಸಬೇಕು. ಅಲ್ಲಿಯವರೆಗೆ ತಡೆದುಕೊಳ್ಳುವುದು ಎಂದರೆ ದೂರ ಇರುವುದಾಗಿತ್ತು. ಇಲ್ಲಿ ರುಚಿ ಬಾಯಲ್ಲಿರುವಾಗ ತಡೆದುಕೊಳ್ಳಬೇಕು. ಮೊದಲ ದಿನದ ಮುಷ್ಟಿಯಿಂದ ಇಲ್ಲಿಯವರೆಗೆ ಒಂದೇ ಎಳೆ ಹರಿದು ಬಂದಿದೆ. ಮೇಯರ್ ಮಾರ್ಮನ್ ಎಂಬ ಕ್ರೈಸ್ತ ಪಂಥದ ಶ್ರದ್ಧೆಯವರು. ಇದನ್ನು ಮದುವೆಗೆ ಮುಂಚಿನ ಸಂಯಮದ ಪಾಠವೆಂದು ಓದಿದ ವಿಮರ್ಶಕರಿದ್ದಾರೆ. ನನಗೆ ಇದು ಪಾಠಕ್ಕಿಂತ ಹೆಚ್ಚಾಗಿ ಗಟ್ಟಿ ಕಥನಕಲೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಎಡ್ವರ್ಡ್ ರಾತ್ರಿ ಕೇಳದೆ ಬೆಲ್ಲಾಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ; ಕಾದಂಬರಿ ಅದನ್ನು ಪ್ರೀತಿ ಎನ್ನುತ್ತದೆ, ನಾನು ಎನ್ನಲಾರೆ. ಬೆಲ್ಲಾ ಸದಾ ಕಾಪಾಡಿಸಿಕೊಳ್ಳುವವಳು ಎಂಬ ದೂರಿಗೆ ಉತ್ತರವಾಗಿ ಮೇಯರ್ 2015ರಲ್ಲಿ ಹುಡುಗ ಹುಡುಗಿಯರ ಪಾತ್ರ ಅದಲುಬದಲು ಮಾಡಿ ಇದೇ ಕಥೆಯನ್ನು ‘ಲೈಫ್ ಅಂಡ್ ಡೆತ್’ ಎಂದು ಬರೆದರು.

ಇವೆಲ್ಲಕ್ಕಿಂತ ಗಂಭೀರವಾದದ್ದು ಕಾದಂಬರಿಯಲ್ಲಿ ಬರುವ ಕ್ವಿಲ್ಯೂಟ್ ಜನರ ವಿಷಯ. ಅವರು ಕಲ್ಪನೆಯ ಬುಡಕಟ್ಟಲ್ಲ. ಫೋರ್ಕ್ಸ್ ಬಳಿಯ ಲಾ ಪುಷ್ ಎಂಬ ಕಡಲತೀರದಲ್ಲಿ ಇಂದಿಗೂ ಬದುಕುತ್ತಿರುವವರು. ತಮ್ಮ ಪೂರ್ವಿಕರು ತೋಳಗಳಿಂದ ಮನುಷ್ಯರಾದರು ಎಂಬ ಸೃಷ್ಟಿಕಥೆ ಅವರದು. ಸರಣಿ ಅದನ್ನು ತೋಳಮನುಷ್ಯರ ಕಥೆಯಾಗಿಸಿತು, ಅವರ ಹೆಸರಿನಲ್ಲಿ ಸರಕು ಮಾರಾಟವಾಯಿತು, ಲಾಭದ ಪಾಲು ಅವರಿಗೆ ಬರಲಿಲ್ಲ. ಸಿಯಾಟಲ್‌ನ ಬರ್ಕ್ ವಸ್ತುಸಂಗ್ರಹಾಲಯ ಆ ಸಮುದಾಯದ ಜೊತೆ ಸೇರಿ, ಯಾವುದು ತಮ್ಮ ಕಥೆ, ಯಾವುದು ಕಾದಂಬರಿಯ ಕಟ್ಟು ಎಂದು ಬಿಡಿಸಿ ಹೇಳಿದೆ. ಪುಸ್ತಕ ಎಷ್ಟೇ ಇಷ್ಟವಾದರೂ ಈ ಬಾಕಿ ಬಾಕಿಯೇ.

ಸರಣಿ ಮುಂದುವರಿಸುವುದಿದ್ದರೆ ಎರಡನೆಯ ಪುಸ್ತಕ ‘ನ್ಯೂ ಮೂನ್’ ಖಂಡಿತ ಓದಿ. ಎಡ್ವರ್ಡ್ ಬಿಟ್ಟುಹೋದ ಮೇಲೆ ಅಲ್ಲಿ ಕೆಲವು ಪುಟಗಳಲ್ಲಿ ತಿಂಗಳ ಹೆಸರು ಬಿಟ್ಟರೆ ಏನೂ ಇಲ್ಲ: ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ವಿಶೇಷಣಗಳನ್ನು ಧಾರಾಳವಾಗಿ ಸುರಿಯುವ ಲೇಖಕಿ ಇಲ್ಲಿ ಒಂದು ವಾಕ್ಯವನ್ನೂ ಬರೆಯದೆ ವಿರಹವನ್ನು ಕಾಣಿಸಿದ್ದಾರೆ.

ಮುಂದಿನ ವಿಡಿಯೋ ನಮ್ಮ ವಿಕ್ರಮ ಮತ್ತು ಬೇತಾಳನ ಬಗ್ಗೆ. ಆ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್‌ನನ್ನು ಬ್ರಾಮ್ ಸ್ಟೋಕರ್ ಖುದ್ದಾಗಿ ಭೇಟಿಯಾಗಿದ್ದ. ಮಾತನಾಡುವಾಗ ಬರ್ಟನ್‌ನ ಮೇಲ್ದುಟಿ ಸರಿದು ಕೋರೆಹಲ್ಲು ಕಠಾರಿಯಂತೆ ಹೊಳೆಯುತ್ತಿತ್ತು ಎಂದು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಬೇತಾಳನ ಕಥೆ ಓದಿಕೊಂಡು ಬನ್ನಿ, ಅಲ್ಲಿ ಸಿಗೋಣ.